ಸೂಜಿಗೆ ಮೊದಲು ಸೀಸೆ: ಕೆಚ್ಚಲು ಬಾವಿನ ಹಾಲನ್ನು ಪರೀಕ್ಷೆಗೆ ಕಳಿಸುವುದು ಹೇಗೆ?

ಹೋದ ಬೇಸಿಗೆಯಲ್ಲಿ ಭಾಲ್ಕಿಯ ನಮ್ಮ ಮನೆಯಲ್ಲಿ ಮೂರು ದಿನ ಮೊಸರು ಹೆಪ್ಪಾಗಲಿಲ್ಲ. ಅವ್ವ ಹೆಪ್ಪು ಬದಲಿಸಿದಳು, ಗಡಿಗೆ ಬದಲಿಸಿದಳು. ಆಮೇಲೆ ಹೊಳೆಯಿತು: ದೇವಣಿ ಆಕಳಿಗೆ ಕೆಚ್ಚಲು ಬಾವೆಂದು ಅಂಗಡಿಯಿಂದ ತಂದ ಸೂಜಿ ನಾವೇ ಮಾಡಿಸಿದ್ದೆವು. ಆ ಮದ್ದು ಹಾಲಿಗಿಳಿದು ಮೊಸರಿನ ಬ್ಯಾಕ್ಟೀರಿಯಾ ಕೊಂದಿತ್ತು, ಕೆಚ್ಚಲಿನ ಬ್ಯಾಕ್ಟೀರಿಯಾ ಹಾಗೇ ಇತ್ತು. ಮೂರು ಬಗೆಯ ಸೂಜಿ ಆದ ಮೇಲೆ ಒಂದು ಮೊಲೆ ಬತ್ತಿಯೇ ಹೋಯಿತು.

ಕೆಚ್ಚಲು ಬಾವು ತರುವ ಬ್ಯಾಕ್ಟೀರಿಯಾವಾದ ಸ್ಟ್ಯಾಫೈಲೋಕಾಕಸ್‌ನ ಹಲವು ತಳಿಗಳು ಪೆನಿಸಿಲಿನ್ ಅನ್ನೇ ತುಂಡರಿಸುವ ಕಿಣ್ವ ತಯಾರಿಸುತ್ತವೆ. ಮದ್ದಿಗೆ ಸಾಯದೆ ಉಳಿದವೇ ಬೆಳೆಯುತ್ತವೆ, ಇ. ಕೋಲಿಯಂಥ ಬ್ಯಾಕ್ಟೀರಿಯಾ ಮದ್ದಿಗೆ ಬಗ್ಗದ ಆ ಗುಣವನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತವೆ. ಇದು ಕೊಟ್ಟಿಗೆಯೊಳಗಿನ ಮಾತಷ್ಟೇ ಅಲ್ಲ. ಆಕಳಿಗೆ ಕೊಡುವ ಸೆಫ್ಟ್ರಿಯಾಕ್ಸೋನ್ ಎಂಬ ಮದ್ದನ್ನೇ ಆಸ್ಪತ್ರೆಯಲ್ಲಿ ನಮ್ಮ ಮಕ್ಕಳಿಗೂ ಕೊಡುತ್ತಾರೆ. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಮದ್ದನ್ನು 2019ರಲ್ಲಿ ಕೇಂದ್ರ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ನಿಷೇಧಿಸಿದ್ದು ಇದೇ ಭಯದಿಂದ.

ಹಾಗಾದರೆ ಮಾಡಬೇಕಾದದ್ದೇನು? ಅನುಮಾನ ಬಂದ ದಿನವೇ ಮನೆಯಲ್ಲಿ ನೋಡಿ. 100 ಮಿ.ಲೀ. ನೀರಿಗೆ 3 ಗ್ರಾಂ ಬಟ್ಟೆ ಒಗೆಯುವ ಪುಡಿ ಕರಗಿಸಿ. ನಾಲ್ಕು ಬಟ್ಟಲಲ್ಲಿ ನಾಲ್ಕೂ ಮೊಲೆಯ ಹಾಲನ್ನು ಬೇರೆ ಬೇರೆ ಹಿಂಡಿ, ಅಷ್ಟೇ ಅಳತೆ ಸಾಬೂನು ನೀರು ಹಾಕಿ ಒಂದು ನಿಮಿಷ ತಿರುಗಿಸಿ. ಲೋಳೆಯಂತೆ ಗಟ್ಟಿಯಾದರೆ ಆ ಮೊಲೆಯಲ್ಲಿ ಬಾವಿದೆ. ಆ ಹಾಲು ಚೆಲ್ಲಿ, ವೈದ್ಯರಿಗೆ ಹೇಳಿ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿದರೂ ಆಗುತ್ತದೆ.

ಯಾವ ಮದ್ದು ನಾಟುತ್ತದೆಂದು ಪ್ರಯೋಗಾಲಯದಲ್ಲಿ ತಿಳಿಯಲು, ಯಾವ ಸೂಜಿಯೂ ಬೀಳುವ ಮೊದಲು ಹಾಲಿನ ಮಾದರಿ ತೆಗೆಯಬೇಕು. ಮದ್ದು ಬಿದ್ದ ಮೇಲೆ ತೆಗೆದರೆ ಪ್ರಯೋಗಾಲಯದಲ್ಲಿ ಏನೂ ಬೆಳೆಯದೇ ಹೋಗಬಹುದು. ಮುಚ್ಚಳವಿರುವ ಕ್ರಿಮಿಶುದ್ಧ ಸೀಸೆಯನ್ನು ಪಶು ಆಸ್ಪತ್ರೆಯಲ್ಲೇ ಕೇಳಿ. ತೊಳೆದ ಔಷಧ ಬಾಟಲಿ ನಡೆಯದು. ಕೈಯನ್ನು ಸಾಬೂನಿನಿಂದ ತೊಳೆಯಿರಿ. ಕೆಚ್ಚಲು ತೊಳೆದು ಒಣಬಟ್ಟೆಯಿಂದ ಒರೆಸಿ, ನೀರು ಜಿನುಗುತ್ತಿದ್ದರೆ ಅದರ ಜತೆ ಸೆಗಣಿಯೂ ಸೀಸೆಗೆ ಇಳಿಯುತ್ತದೆ. ಮೊದಲ ಮೂರ್ನಾಲ್ಕು ಧಾರೆ ಬೇರೆ ಪಾತ್ರೆಗೆ ಹಿಂಡಿ ಚೆಲ್ಲಿ. ಸ್ಪಿರಿಟ್ ಹತ್ತಿಯಿಂದ ಮೊಲೆಯ ತುದಿಯನ್ನು, ಹತ್ತಿಯಲ್ಲಿ ಕೊಳೆ ಕಾಣದಾಗುವವರೆಗೆ ಒರೆಸಿ ಆರಲು ಬಿಡಿ. ಈಗ ಸೀಸೆಯನ್ನು ನೆಟ್ಟಗೆ ಹಿಡಿಯದೆ ಓರೆಯಾಗಿಸಿ, ಬಾಯಿಗೆ ಮೊಲೆ ತಾಗದಂತೆ, 5ರಿಂದ 10 ಮಿ.ಲೀ. ಹಿಂಡಿ. ಮುಚ್ಚಳವನ್ನು ನೆಲಕ್ಕೆ ಇಡಬೇಡಿ, ಅದರ ಒಳಗೆ ಬೆರಳೂ ತಾಗಬಾರದು. ನಾನು ಮೊದಲ ಸಲ ತಪ್ಪಿದ್ದು ಅಲ್ಲೇ.

ಸೀಸೆಯ ಮೇಲೆ ಆಕಳ ಗುರುತು, ಯಾವ ಮೊಲೆ, ತಾರೀಖು ಬರೆದು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಿ. ಎಲ್ಲಿಗೆಂದು ವೈದ್ಯರೇ ಹೇಳುತ್ತಾರೆ. ಬೀದರಿನವರಿಗೆ ನಂದಿನಗರದ ಪಶುವೈದ್ಯಕೀಯ ಕಾಲೇಜು ಹತ್ತಿರ. ಆಕಳಿಗೆ ಜ್ವರವಿದ್ದರೆ, ಮೇವು ಬಿಟ್ಟಿದ್ದರೆ ವರದಿಗೆ ಕಾಯಬೇಡಿ. ಮಾದರಿ ತೆಗೆದ ಕೂಡಲೇ ವೈದ್ಯರು ಚಿಕಿತ್ಸೆ ಶುರು ಮಾಡಲಿ, ವರದಿ ಬಂದ ಮೇಲೆ ಬೇಕಾದರೆ ಮದ್ದು ಬದಲಿಸುತ್ತಾರೆ.

ಎರಡು ಮೂರು ದಿನಕ್ಕೆ ವರದಿ ಬರುತ್ತದೆ. ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲೆ ಮದ್ದಿನ ಪುಟ್ಟ ಬಿಲ್ಲೆಗಳನ್ನಿಟ್ಟು, ಸುತ್ತಲೂ ಎಷ್ಟು ಅಗಲದ ತಿಳಿ ಉಂಗುರ ಬಿದ್ದಿದೆಯೆಂದು ಅಳೆದಿರುತ್ತಾರೆ. ‘ಎಸ್’ ಎಂದರೆ ಮದ್ದು ನಾಟುತ್ತದೆ, ‘ಆರ್’ ಎಂದರೆ ನಾಟದು. ದೊಡ್ಡ ಉಂಗುರದ ಮದ್ದೇ ಮೇಲೆಂದು ಅಂಗಡಿಗೆ ಓಡಬೇಡಿ. ಒಂದೊಂದು ಮದ್ದಿಗೆ ಒಂದೊಂದು ಅಳತೆಗೋಲು, ಆರಿಸುವ ಕೆಲಸ ವೈದ್ಯರದು.

ಬಾವು ಇಳಿದರೂ ಹೇಳಿದಷ್ಟು ದಿನ ಮದ್ದು ಮುಗಿಸಿ. ಆ ದಿನಗಳಲ್ಲೂ, ಆಮೇಲೆ ವೈದ್ಯರು ಹೇಳಿದ ಗಡುವಿನವರೆಗೂ ಹಾಲನ್ನು ಡೇರಿಗೆ ಹಾಕಬೇಡಿ. ಕಾಯಿಸಿದರೆ ಮದ್ದು ಹೋಗುತ್ತದೆಂಬ ನಂಬಿಕೆ ಬಿಡಿ. ಚೆಲ್ಲಲು ಮನಸ್ಸು ಬಾರದೆ ಕರುವಿಗೆ ಕುಡಿಸುತ್ತೇವಲ್ಲ, ಆಗ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಕರುವಿನ ಕರುಳಲ್ಲೇ ಬೆಳೆಯುತ್ತದೆ.

ವರದಿ ಹಾಳೆಯನ್ನು ಆಕಳ ವಿಮೆಯ ಕಾಗದದ ಜತೆ ಇಟ್ಟುಕೊಳ್ಳಿ. ಅದೇ ಕೊಟ್ಟಿಗೆಯಲ್ಲಿ ಮತ್ತೆ ಬಾವು ಬಂದರೆ ವೈದ್ಯರಿಗೆ ಮೊದಲು ತೋರಿಸಬೇಕಾದದ್ದು ಅದನ್ನೇ.