ಮೊಡವೆ ಜೆಲ್ ಹಚ್ಚುವುದು ಹೇಗೆ?

ಕೋಲಾರದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿಗೆ ಡಾಕ್ಟರ್ ಅಡಾಪಲೀನ್ ಎಂಬ ಮೊಡವೆ ಜೆಲ್ ಬರೆದುಕೊಟ್ಟಿದ್ದರು. ಅವಳು ಒಂದೊಂದು ಮೊಡವೆಯ ಮೇಲೂ ಕುಂಕುಮ ಇಟ್ಟ ಹಾಗೆ ದಪ್ಪಗೆ ಇಟ್ಟುಕೊಂಡಳು. ನಾಲ್ಕನೇ ದಿನ ಬಾಯಿಯ ಪಕ್ಕ ಈರುಳ್ಳಿ ಸಿಪ್ಪೆಯಂತೆ ಚರ್ಮ ಎದ್ದಿತು. ‘ಆಂಟಿ, ಇದು ನನಗೆ ಆಗಿಬರಲ್ಲ’ ಅಂತ ಟ್ಯೂಬ್ ಬಿಸಾಡಿದಳು. ಹಚ್ಚುವುದು ಹೇಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮೊದಲು ಅದು ಮೊಡವೆಯೇ ಹೌದಾ ನೋಡಿ. ಜಿಡ್ಡು, ಸತ್ತ ಚರ್ಮ ಸೇರಿ ರಂಧ್ರ ಕಟ್ಟಿಕೊಂಡರೆ ಮೊಡವೆ. ಕಪ್ಪು ಚುಕ್ಕೆ, ಬಿಳಿ ಗುಳ್ಳೆ, ಕೀವಿನ ಗುಳ್ಳೆ ಎಲ್ಲ ಬೆರೆತಿರುತ್ತವೆ. ಹಣೆ ತುಂಬ ರಾಗಿ ಕಾಳಿನಂತೆ ಒಂದೇ ಅಳತೆಯ ಗುಳ್ಳೆಗಳಿದ್ದು ತುರಿಸುತ್ತಿದ್ದರೆ ಫಂಗಸ್ ಇರಬಹುದು. ಕಪ್ಪು ಚುಕ್ಕೆ ಇಲ್ಲದೆ ಕೆನ್ನೆ, ಮೂಗು ಕೆಂಪಾಗಿ ಬಿಸಿಲಿಗೆ ಉರಿದರೆ ರೊಸೇಶಿಯಾ ಎಂಬ ಬೇರೆ ಚರ್ಮದ ಕಾಯಿಲೆ ಇರಬಹುದು. ಇವೆರಡಕ್ಕೂ ಮದ್ದೇ ಬೇರೆ. ಮುಟ್ಟು ಏರುಪೇರಾಗಿ, ಗದ್ದದ ಮೇಲೆ ಕೂದಲೂ ಬರುತ್ತಿದ್ದರೆ ಡಾಕ್ಟರಿಗೆ ಅದನ್ನೂ ಹೇಳಿ.

ದಿನಕ್ಕೆ ಎರಡು ಸಲ ಮೃದುವಾದ ಫೇಸ್‌ವಾಶ್ ಸಾಕು. ನಿಂಬೆರಸ, ಟೂತ್‌ಪೇಸ್ಟ್, ಸ್ಕ್ರಬ್ ಯಾವುದೂ ಬೇಡ. ನಮ್ಮಲ್ಲಿ ಟೊಮೆಟೊಗೆ ಬರವಿಲ್ಲ ನಿಜ, ಆದರೆ ಅದರ ಹುಳಿಯೂ ಮುಖ ಉರಿಸುತ್ತದೆ.

ಈಗ ಅಡಾಪಲೀನ್ ಜೆಲ್. ರಾತ್ರಿ ಮುಖ ತೊಳೆದು, ಒತ್ತಿ ಒರೆಸಿ, 20 ನಿಮಿಷ ಸುಮ್ನೆ ಬಿಡಿ. ಒದ್ದೆ ಚರ್ಮಕ್ಕೆ ಹಚ್ಚಿದರೆ ಉರಿ ಜಾಸ್ತಿ. ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡುವವರು ಮನೆಗೆ ಬಂದ ತಕ್ಷಣ ತೊಳೆದುಬಿಡಿ, ಊಟ ಮುಗಿಯುವಷ್ಟರಲ್ಲಿ ಮುಖ ಆರಿರುತ್ತದೆ. ಮೂಗಿನ ಅಂಚಿಗೆ, ಬಾಯಿಯ ಮೂಲೆಗೆ ಚೂರು ವ್ಯಾಸಲೀನ್ ಸವರಿ. ಬೆರಳ ತುದಿಗೆ ಬಟಾಣಿ ಕಾಳಿನಷ್ಟು ಜೆಲ್ ತೆಗೆದುಕೊಳ್ಳಿ. ಹಣೆ, ಮೂಗು, ಎರಡು ಕೆನ್ನೆ, ಗದ್ದ, ಐದು ಕಡೆ ಚುಕ್ಕೆ ಇಟ್ಟು ತೆಳ್ಳಗೆ ಹರಡಿ. ಕಣ್ಣಿನ ಸುತ್ತ ಬೇಡ. ಮೊಡವೆ ಇಲ್ಲದ ಕಡೆಗೂ ಬೇಕು, ಏಕೆಂದರೆ ಮುಂದಿನ ಮೊಡವೆ ಅಲ್ಲಿ ಒಳಗೊಳಗೇ ಕಟ್ಟಿಕೊಳ್ಳುತ್ತಿರುತ್ತದೆ. ಮೇಲೆ ಮಾಯಿಶ್ಚರೈಸರ್. ಮೊದಲ ಎರಡು ವಾರ ದಿನ ಬಿಟ್ಟು ದಿನ ಹಚ್ಚಿ, ಬೆಳಗ್ಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್. ಗರ್ಭಿಣಿಯರು ಈ ಜೆಲ್ ಮುಟ್ಟಬಾರದು.

ಎರಡು-ಮೂರು ವಾರಕ್ಕೆ ಮೊಡವೆ ಇನ್ನೂ ಜಾಸ್ತಿಯಾದಂತೆ ಕಾಣಬಹುದು. ಬಹಳ ಮಂದಿ ಬಿಟ್ಟುಬಿಡುವುದು ಇಲ್ಲೇ. ಬಿಡಬೇಡಿ. 12 ವಾರ ಹಚ್ಚಿ ಆಮೇಲೆ ಲೆಕ್ಕ ಹಾಕಿ. ತಿಂಗಳಿಗೊಂದು ಫೋಟೊ, ಅದೇ ಕಿಟಕಿಯ ಬೆಳಕಲ್ಲಿ ತೆಗೆಯಿರಿ.

ಈ ವಾರಗಳಲ್ಲೇ ಯಾರಾದರೂ ‘ಬೆಳ್ಳಗೂ ಆಗ್ತೀಯ’ ಅಂತ ಒಂದು ಕ್ರೀಮ್ ಕೈಗಿಡುತ್ತಾರೆ. ನನ್ನ ಮಗನಿಗೂ ಒಂದು ಮೆಡಿಕಲ್‌ನಲ್ಲಿ ಚೀಟಿಯಿಲ್ಲದೆ ಕೊಟ್ಟರು. ವಾರದಲ್ಲಿ ಮುಖ ನುಣ್ಣಗಾಯಿತು. ಎರಡು ತಿಂಗಳ ಮೇಲೆ ನಿಲ್ಲಿಸಿದ್ದೇ ಕೆಂಡದಂತಾಯಿತು. ಆ ಟ್ಯೂಬಿನಲ್ಲಿ ಸ್ಟೆರಾಯ್ಡ್ ಇತ್ತು. ಬೆಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಅಂತ ಬರೆದಿದ್ದರೆ ಮೊಡವೆಗೆ ಹಚ್ಚಲೇಬೇಡಿ. ತಿಂಗಳುಗಟ್ಟಲೆ ಹಚ್ಚಿಯಾಗಿದ್ದರೆ ನೀವೇ ದಿಢೀರನೆ ನಿಲ್ಲಿಸದೆ ಡಾಕ್ಟರಿಗೆ ತೋರಿಸಿ.

ಗಟ್ಟಿ ಗಂಟಾಗಿ ನೋಯುತ್ತಿದ್ದರೆ, ಗುಳಿ ಬೀಳುತ್ತಿದ್ದರೆ 12 ವಾರ ಕಾಯಬೇಡಿ. ಜಿಲ್ಲಾ ಆಸ್ಪತ್ರೆಗೋ ಹತ್ತಿರದ ಚರ್ಮದ ಡಾಕ್ಟರ್ ಬಳಿಗೋ ಹೋಗಿ. ಇದುವರೆಗೆ ಹಚ್ಚಿದ ಟ್ಯೂಬ್‌ಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ.