ವಾಲ್ವ್ ಹೆಡ್‌ಫೋನ್ ಆಂಪ್‌ನ ಗುಂಯ್ ಸದ್ದು ಹೋಯಿತು

ಆಂಪ್‌ನ ಕಿಟ್ ಜೋಡಿಸಿ ಆನ್ ಮಾಡಿದಾಗ, ಸಿಗ್ನಲ್ ದೊಡ್ಡದು ಮಾಡುವ 12ಎಯು7 ಅನ್ನುವ ಗಾಜಿನ ವಾಲ್ವ್ ಚೆಂದವಾಗಿ ಹೊತ್ತಿಕೊಂಡಿತು. ಹಾಡೂ ಬಂತು. ಆದರೆ ಅದರ ಹಿಂದೆ ಒಂದೇ ಸಮನೆ ಗುಂಯ್ ಅನ್ನುವ ಸದ್ದು. ತುಮಕೂರಿನ ನಮ್ಮ ಎಸ್.ಎಸ್. ಪುರಂ ಬೀದಿ ರಾತ್ರಿ ಶಾಂತವಾದ ಮೇಲೆ ತಂಬೂರಿಗಿಂತ ಇದೇ ಜಾಸ್ತಿ ಕೇಳಿಸುತ್ತಿತ್ತು.

ಮೊದಲು ವಾಲ್ಯೂಮ್ ಪೂರ್ತಿ ಇಳಿಸಿದೆ. ಸದ್ದು ಒಂಚೂರೂ ತಗ್ಗಲಿಲ್ಲ. ಅಂದರೆ ಇನ್‌ಪುಟ್ ಕೇಬಲ್‌ನದ್ದಲ್ಲ, ವಾಲ್ಯೂಮ್ ಕಂಟ್ರೋಲ್ ದಾಟಿದ ಮೇಲೆ ಸೇರಿಕೊಳ್ಳುತ್ತಿದೆ. ಮೊಬೈಲಿನ ಸ್ಪೆಕ್ಟ್ರಮ್ ಆಪ್‌ಗೆ ಹೆಡ್‌ಫೋನ್ ಹಿಡಿದರೆ 50 ಹರ್ಟ್ಸ್‌ನಲ್ಲಿ ಗೆರೆ ಎದ್ದಿತು. ಇದು ಒಳ್ಳೆ ಸುಳಿವು. ಡಿಸಿಯ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರ್ ಸರಿಯಿಲ್ಲದಿದ್ದರೆ, ಎಸಿಯನ್ನು ಡಿಸಿ ಮಾಡುವ ಫುಲ್ ವೇವ್ ರೆಕ್ಟಿಫೈಯರ್‌ನಿಂದ 100 ಹರ್ಟ್ಸ್ ಬರಬೇಕಿತ್ತು ಅಲ್ವಾ? ಮನೆ ಕರೆಂಟಿನದೇ ಆದ 50 ಅಂದಾಗ, ವಾಲ್ವನ್ನು ಒಳಗಿಂದ ಕಾಯಿಸುವ ಹೀಟರ್‌ಗೆ ಹೋಗುವ ಎಸಿ ಮೇಲೆ ಅನುಮಾನ ಬಂತು.

ಪ್ಲಗ್ ಕಿತ್ತು, ಕೆಪಾಸಿಟರ್‌ನ ವೋಲ್ಟೇಜ್ ಸೊನ್ನೆಗೆ ಇಳಿಯುವವರೆಗೆ ಮಲ್ಟಿಮೀಟರ್‌ನಲ್ಲಿ ನೋಡಿದೆ. ದಯವಿಟ್ಟು ಇದನ್ನು ಬಿಡಬೇಡಿ. ಆಫ್ ಮಾಡಿದ ಮೇಲೂ ಅಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಒಳಗೆ ಹೀಟರ್ ವೈರ್‌ಗಳು, ವಾಲ್ವ್‌ಗೆ ಹಾಡಿನ ಸಿಗ್ನಲ್ ಒಯ್ಯುವ ಗ್ರಿಡ್ ವೈರ್‌ನ ಪಕ್ಕದಲ್ಲೇ ಹಾದು ಹೋಗಿದ್ದವು. ಹೀಟರ್‌ನ ಎರಡೂ ವೈರ್‌ಗಳನ್ನು ಒಂದಕ್ಕೊಂದು ಜಡೆಯ ಹಾಗೆ ಬಿಗಿಯಾಗಿ ಹೆಣೆದು ಚಾಸಿಯ ಮೂಲೆಗೆ ಒತ್ತಿ ಕೂರಿಸಿದೆ. ಅರ್ಧಕ್ಕರ್ಧ ಸದ್ದು ಅಲ್ಲೇ ಹೋಯಿತು. ಈ ಟ್ರಾನ್ಸ್‌ಫಾರ್ಮರ್‌ನ 6.3 ವೋಲ್ಟ್ ವೈಂಡಿಂಗ್‌ಗೆ ಸೆಂಟರ್ ಟ್ಯಾಪ್, ಅಂದರೆ ಗ್ರೌಂಡ್‌ಗೆ ಸೇರಿಸಲು ಸುರುಳಿಯ ನಟ್ಟನಡುವಿಂದ ತೆಗೆದ ವೈರ್, ಇರಲಿಲ್ಲ. ಹಾಗಾಗಿ ಅದರ ಬದಲಿಗೆ ಬಿ.ಎಚ್. ರಸ್ತೆಯಿಂದ 100 ಓಮ್, ಅರ್ಧ ವ್ಯಾಟ್‌ನ ಎರಡು ರೆಸಿಸ್ಟರ್ ತಂದು, ಹೀಟರ್‌ನ ಒಂದೊಂದು ತುದಿಯಿಂದ ಗ್ರೌಂಡ್‌ಗೆ ಬೆಸುಗೆ ಹಾಕಿದೆ.

ಈಗ 300 ಓಮ್ ಹೆಡ್‌ಫೋನ್‌ನಲ್ಲಿ ವಾಲ್ಯೂಮ್ ಪೂರ್ತಿ ಏರಿಸಿದರೂ ಗುಂಯ್ ಇಲ್ಲ. ಮುಂದೆ ಔಟ್‌ಪುಟ್ ಕೆಪಾಸಿಟರ್ ಬದಲಿಸಬೇಕು ಅಂತಿದ್ದೇನೆ.