ಎಂಟು ಡೆಸ್ಕ್‌ಟಾಪ್‌ಗೆ ಒಟ್ಟಿಗೇ ಸ್ಟ್ರೆಸ್ ಟೆಸ್ಟ್: ಕಾರವಾರದ ಲೆಕ್ಕ

ಸರ್ವಿಸ್ ಆದ ಹಳೆಯ ಡೆಸ್ಕ್‌ಟಾಪ್‌ಗಳನ್ನು ಶಾಲೆಗೋ ಸೊಸೈಟಿಗೋ ಕಳಿಸುವ ಮೊದಲು ಒಂದೊಂದಕ್ಕೇ ಸ್ಟ್ರೆಸ್ ಟೆಸ್ಟ್ (ಪೂರ್ತಿ ಲೋಡ್ ಹಾಕಿ ನೋಡುವ ಪರೀಕ್ಷೆ) ಮಾಡುತ್ತ ಕೂತರೆ ದಿನಗಟ್ಟಲೆ ಹಿಡಿಯುತ್ತದೆ. ಪೈಥಾನ್ ಟೆಸ್ಟ್‌ಗಳನ್ನು ಓಡಿಸುವ ಪೈಟೆಸ್ಟ್‌ಗೆ, ಅವನ್ನು ಹಂಚಿ ಒಟ್ಟಿಗೇ ಓಡಿಸುವ ಎಕ್ಸ್‌ಡಿಸ್ಟ್ ಪ್ಲಗಿನ್ ಹಾಕಿಕೊಂಡರೆ ಎಂಟೂ ಒಂದೇ ರಾತ್ರಿಗೆ ಮುಗಿಯುತ್ತವೆ. ತಲೆನೋವು ಬೇರೆಯದು: ಟೆಸ್ಟ್‌ಗಳೇ ಒಂದಕ್ಕೊಂದು ಅಡ್ಡ ಬಂದು, ಸರಿ ಇರುವ ಮೆಷಿನ್ ಫೇಲ್ ಎಂದು ತೋರಿಸುವುದು.

ಪೈಟೆಸ್ಟ್ ಓಡಿಸುವ ಕಂಪ್ಯೂಟರ್ ಬೇರೆ ಇರಲಿ. ಅದು ಎಸ್‌ಎಸ್‌ಎಚ್‌ನಲ್ಲಿ (ನೆಟ್‌ವರ್ಕ್ ಮೂಲಕ ಬೇರೆ ಮೆಷಿನ್ನಿಗೆ ಕಮಾಂಡ್ ಕೊಡುವ ದಾರಿ) ಎಂಟಕ್ಕೂ ಕಮಾಂಡ್ ಕಳಿಸಲಿ. ವರ್ಕರ್ (ಟೆಸ್ಟ್ ಓಡಿಸುವ ಪ್ರತ್ಯೇಕ ಪ್ರಕ್ರಿಯೆ) ಸಂಖ್ಯೆ 8 ಎಂದೇ ಕೊಡಿ. ‘ಆಟೋ’ ಎಂದರೆ ಅದು ತನ್ನದೇ ಕೋರ್ ಎಣಿಸುತ್ತದೆ, ಮೇಜಿನ ಮೇಲಿನ ಮೆಷಿನ್‌ಗಳನ್ನಲ್ಲ. ಪ್ರತಿ ಮೆಷಿನ್ನಿನ ಐಪಿಯನ್ನೇ ಗ್ರೂಪ್ ಹೆಸರಾಗಿಸಿ, ಹಂಚಿಕೆ ‘ಲೋಡ್‌ಗ್ರೂಪ್’ ಎಂದಿಟ್ಟರೆ ಒಂದು ಮೆಷಿನ್ನಿನ ಟೆಸ್ಟ್‌ಗಳೆಲ್ಲ ಒಂದೇ ವರ್ಕರ್‌ಗೆ ಹೋಗುತ್ತವೆ.

ಎಡವುವುದು ಸೆಷನ್ ಫಿಕ್ಸ್‌ಚರ್‌ನಲ್ಲಿ, ಅಂದರೆ ಟೆಸ್ಟ್‌ಗಳಿಗೆ ಮೊದಲು ಸಿದ್ಧತೆ ಮಾಡುವ ಕೋಡಿನಲ್ಲಿ. ಎಕ್ಸ್‌ಡಿಸ್ಟ್‌ನಲ್ಲಿ ಅದು ಒಟ್ಟಾರೆ ಒಮ್ಮೆಯಲ್ಲ, ವರ್ಕರ್‌ಗೊಮ್ಮೆ ಓಡುತ್ತದೆ. ಎಲ್ಲ ಮೆಷಿನ್‌ಗಳಲ್ಲೂ ಸ್ಟ್ರೆಸ್-ಎನ್‌ಜಿ (ಲೋಡ್ ಹಾಕುವ ಪ್ರೋಗ್ರಾಂ) ಶುರುಮಾಡುವ ಲೂಪನ್ನು ಅಲ್ಲಿಟ್ಟಿರೋ, ಪ್ರತಿ ಮೆಷಿನ್ನಿನ ಮೇಲೂ ಎಂಟೆಂಟು ಬಂದು ಕೂರುತ್ತವೆ. ಶೇ. 75ರಷ್ಟು ರ‍್ಯಾಮ್ ಕೇಳುವವು ಎರಡೇ ಇದ್ದರೂ ಶೇ. 150 ಆಯಿತು! ಮೆಮೊರಿ ಸಾಲದಾದಾಗ ಎಚ್ಚರಗೊಳ್ಳುವ ಕರ್ನಲ್ಲಿನ ಓಓಎಂ ಕಿಲ್ಲರ್ ಯಾವುದನ್ನೋ ಮುಗಿಸುತ್ತದೆ, ನೀವು ಒಳ್ಳೆಯ ರ‍್ಯಾಮ್ ಸ್ಟಿಕ್ ಕಿತ್ತು ಬಿಸಾಡುತ್ತೀರಿ. ಸ್ಟ್ರೆಸ್-ಎನ್‌ಜಿ ಮುಗಿಯುವಾಗ ಕೊಡುವ ಎಕ್ಸಿಟ್ ಕೋಡ್ ನೋಡಿ: 2 ಬಂದರೆ ಸ್ಟ್ರೆಸರ್ (ಅದರೊಳಗಿನ ಒಂದೊಂದು ಪರೀಕ್ಷೆ) ನಿಜಕ್ಕೂ ಫೇಲ್, 3 ಬಂದರೆ ಮೆಮೊರಿಯೋ ಡಿಸ್ಕಿನ ಜಾಗವೋ ಸಾಲದೆ ಶುರುವೇ ಆಗಿಲ್ಲ. 3 ಅನ್ನು ‘ಸ್ಕಿಪ್’ ಎಂದು ಬರೆಸಿ.

ಮೊದಲು ಸಿಪಿಯು, ರ‍್ಯಾಮ್, ಡಿಸ್ಕ್ ಬೇರೆಬೇರೆಯಾಗಿ 10 ನಿಮಿಷ. ಆಮೇಲೆ ಮೂರನ್ನೂ ಒಂದೇ ಕಮಾಂಡಿನಲ್ಲಿ 2 ಗಂಟೆ, ಫಲಿತಾಂಶ ಸರಿಯಿದೆಯೇ ಎಂದು ತಾಳೆ ನೋಡುವ ‘ವೆರಿಫೈ’ ಸೇರಿಸಿ. ಬಿಡಿಯಾಗಿ ಪಾಸಾಗಿ ಒಟ್ಟಿಗೆ ಹಾಕಿದಾಗ ರೀಬೂಟ್ ಆದರೆ ಮೊದಲ ಅನುಮಾನ ಎಸ್‌ಎಂಪಿಎಸ್ (ಪವರ್ ಸಪ್ಲೈ) ಮೇಲೆ. ಡಿಸ್ಕ್ ಟೆಸ್ಟಿನ ಫೋಲ್ಡರ್ ನಿಜವಾದ ಡಿಸ್ಕಿನಲ್ಲಿದೆಯೇ ನೋಡಿಕೊಳ್ಳಿ. ಟಿಎಂಪಿಎಫ್‌ಎಸ್ ಆಗಿದ್ದರೆ ಬರೆಯುವುದೆಲ್ಲ ರ‍್ಯಾಮ್‌ಗೇ ಹೋಗುತ್ತದೆ.

ಕೈಗಾ ಅಣುವಿದ್ಯುತ್ ಸ್ಥಾವರ ನಮ್ಮ ಕಾರವಾರ ತಾಲೂಕಿನಲ್ಲೇ ಇದ್ದರೂ ಮಳೆಗಾಲದಲ್ಲಿ ಕರೆಂಟು ಹೋಗುವುದು ತಪ್ಪುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಡೆಸ್ಕ್‌ಟಾಪ್ ಪೂರ್ತಿ ಲೋಡಿನಲ್ಲಿ ಸುಮಾರು 100 ವ್ಯಾಟ್ ಎಳೆಯುತ್ತದೆ. 360 ವ್ಯಾಟ್‌ನ ಒಂದು ಯುಪಿಎಸ್‌ಗೆ ಎರಡು ಮೆಷಿನ್ ಸಾಕು. ಎಂಟನ್ನೂ ಒಂದೇ ಕ್ಷಣಕ್ಕೆ ಶುರುಮಾಡದೆ 20 ಸೆಕೆಂಡ್ ಅಂತರ ಕೊಡಿ. ಎಲ್ಲವೂ ಒಂದೇ ನಿಮಿಷಕ್ಕೆ ಆಫ್ ಆಗಿದ್ದರೆ ಕರೆಂಟಿನ ಕಿತಾಪತಿ, ಒಂದೇ ಆಗಿದ್ದರೆ ಆ ಮೆಷಿನ್ನಿನದು.

ಕೋಣೆಯ ಉಷ್ಣತೆಯನ್ನೂ ರಿಪೋರ್ಟಿನಲ್ಲಿ ಬರೆಸಿ. ಘಟ್ಟದ ಮೇಲೆ ಶಿರಸಿಯಲ್ಲಿ ಡಿಸೆಂಬರ್ ರಾತ್ರಿ 80 ಡಿಗ್ರಿಗೆ ನಿಂತ ಸಿಪಿಯು ಇಲ್ಲಿ ಏಪ್ರಿಲ್ ಮಧ್ಯಾಹ್ನ 90 ದಾಟೀತು, ತಾನೇ ವೇಗ ಇಳಿಸೀತು. ಎಂಟು ಮೆಷಿನ್ ಸೇರಿದರೆ ಕೋಣೆಯೊಳಗೆ 800 ವ್ಯಾಟ್‌ನ ಹೀಟರ್ ಇಟ್ಟಂತೆ, ಕಿಟಕಿ ತೆರೆದಿಡಿ. ಆದರೆ ಸಮುದ್ರದ ಕಡೆಯದನ್ನಲ್ಲ. ಉಪ್ಪುಗಾಳಿ ಕುಡಿದ ರ‍್ಯಾಮ್ ಕಾಂಟ್ಯಾಕ್ಟ್ ಮಂಕಾಗುತ್ತದೆ. ವೆರಿಫೈ ಎರರ್ ಬಂದರೆ ಪವರ್ ಕೇಬಲ್ ತೆಗೆದು, ಸ್ಟಿಕ್ ಹೊರಗೆಳೆದು, ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಚಿನ್ನದ ಬಣ್ಣದ ಅಂಚನ್ನು ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ 10 ನಿಮಿಷದ ರ‍್ಯಾಮ್ ಟೆಸ್ಟ್ ಹಾಕಿ. ಆಗಲೂ ಎರರ್ ಬಂದರೆ ಸ್ಟಿಕ್ ಬದಲಿಸಿ.